ಫಿಲಡೆಲ್ಫಿಯಾದ್ದು ಎಂದುಕೊಂಡಿದ್ದ ಕುರ್ಚಿಗಳು: ಒಂದು ಪ್ರಕರಣ ಅಧ್ಯಯನ

"ಮಾರಾಯಾ, ಒಂದ್ಸಲ ಬಂದು ಹೋಗು. ಮನೆಗೆ ಎರಡು ಕುರ್ಚಿ ಬಂದಿವೆ. ಕೂರೋಕೇ ಹೆದರಿಕೆ ಆಗ್ತಿದೆ."

ಅಕ್ಕ ಫೋನ್ ಮಾಡಿದ್ದು ಒಂದು ಶನಿವಾರ ಬೆಳಿಗ್ಗೆ. ಸ್ವಂತ ಅಕ್ಕ ಅಲ್ಲ. ಊರು ತೀರ್ಥಹಳ್ಳಿ. ಮೂವತ್ತು ವರ್ಷದಿಂದ ಫಿಲಡೆಲ್ಫಿಯಾ ಪಕ್ಕದ ಒಂದು ಸಣ್ಣ ಊರಿನಲ್ಲಿದ್ದಾರೆ. ಇಲ್ಲಿನ ನಮಗೆಲ್ಲ ಅವರು ಅಕ್ಕನೇ. ಅವರ ಪಕ್ಕದ ಮನೆಯ ಅಮೆರಿಕನ್ ಅಜ್ಜಿ ಮನೆ ಖಾಲಿ ಮಾಡಿ ವೃದ್ಧರ ವಸತಿಗೆ ಹೊರಟಿದ್ದರು. ಹೋಗುವಾಗ ಊಟದ ಕೋಣೆಯ ಎರಡು ಕೆತ್ತನೆ ಕುರ್ಚಿಗಳನ್ನು ಅಕ್ಕನ ಕೈಗೆ ಒಪ್ಪಿಸಿದರು. "ಇವು ಫಿಲಡೆಲ್ಫಿಯಾದವು. ಅಮೆರಿಕದ ಸ್ವಾತಂತ್ರ್ಯ ಕ್ರಾಂತಿಗಿಂತ ಮೊದಲಿನವು. ನಮ್ಮಜ್ಜಿಯ ಮನೆಯಿಂದ ಬಂದಿದ್ದು" ಎಂದಿದ್ದರಂತೆ.

ಅಕ್ಕನ ಚಿಂತೆ ಬೆಲೆಯದ್ದಲ್ಲ, ಋಣದ್ದು. ಅಜ್ಜಿಗೆ ದೂರದ ಊರಿನಲ್ಲಿ ಒಬ್ಬ ಮೊಮ್ಮಗಳಿದ್ದಾಳೆ. ನಿಜವಾಗಿಯೂ ಅಷ್ಟು ಹಳೆಯ ಫಿಲಡೆಲ್ಫಿಯಾ ಕುರ್ಚಿಗಳಾದರೆ ಸುಮ್ನೆ ಇಟ್ಟುಕೊಳ್ಳುವುದು ಸರಿಯಲ್ಲ, ಆ ಹುಡುಗಿಗೆ ತಿಳಿಸಬೇಕು ಎಂಬುದು ಅವರ ಮಾತು. ಹೆದರಿಕೆಗೆ ಕಾರಣವೂ ಇತ್ತು. ಜಾನ್ ಕ್ಯಾಡ್ವಾಲಡರ್ ಎಂಬ ಫಿಲಡೆಲ್ಫಿಯಾದ ಸಿರಿವಂತ 1770ರ ಸುಮಾರಿಗೆ ಮಾಡಿಸಿದ ಒಂದು ಮೆತ್ತೆಯ ಕುರ್ಚಿ 1987ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ 27.5 ಲಕ್ಷ ಡಾಲರಿಗೆ ಹೋಗಿತ್ತು. ಇಲ್ಲಿನ ಹಳೆ ಸಾಮಾನಿನ ಪೇಟೆಯಲ್ಲಿ 'ಫಿಲಡೆಲ್ಫಿಯಾ' ಎಂಬ ಒಂದು ಮಾತಿಗೆ ಅಂಥ ತೂಕ.

ನಾನು ಹಳೆ ಮೇಜು ಕುರ್ಚಿಗಳ ರಿಪೇರಿ ಮಾಡುವವನು. ನಮ್ಮಪ್ಪ ಸಾಗರದಲ್ಲಿ ಬಡಗಿ. ಸಾಗರ, ಸೊರಬದ ಗುಡಿಗಾರರ ಗಂಧದ ಕೆತ್ತನೆ ನೋಡುತ್ತಾ ಬೆಳೆದವನು ನಾನು. ಒಂದೇ ಬಳ್ಳಿ, ಒಂದೇ ಹೂವು ಕೆತ್ತಿದರೂ ಇದು ಯಾರ ಕೈ ಎಂದು ಅಲ್ಲಿನವರು ಹಿಂಬದಿ ತಿರುಗಿಸಿ ಹೇಳುತ್ತಿದ್ದರು. ಮುಂದಿನ ಹೂವನ್ನು ಯಾರು ಬೇಕಾದರೂ ನೋಡಿ ಕಲಿಯಬಹುದು. ಹಿಂಬದಿಯನ್ನು ಹೇಗೆ ಬಿಡುವುದು ಅನ್ನೋದು ಮಾತ್ರ ಗುರುವಿನಿಂದ ಬರುತ್ತದೆ. ಈ ಪ್ರಕರಣದಲ್ಲೂ ನನಗೆ ದಾರಿ ತೋರಿಸಿದ್ದು ಅದೇ ಪಾಠ.

ಮೊದಲ ನೋಟ

ಎರಡೂ ಕುರ್ಚಿಗಳು ನೋಡಲು ಅವಳಿಗಳ ಹಾಗಿದ್ದವು. ಕಡುಕೆಂಪು ಮಹಾಗನಿ. ಎರಡು ತುದಿ ಕಿವಿಯ ಹಾಗೆ ಮೇಲೆದ್ದ ತಲೆಪಟ್ಟಿ. ಬೆನ್ನಿನ ನಡುವೆ ಒಂದರೊಳಗೊಂದು ಹೆಣೆದುಕೊಂಡ ಪಟ್ಟಿಗಳ ಜಾಲಿ ಕೆತ್ತನೆ. ಮುಂದಿನ ಕಾಲುಗಳು ಮಂಡಿಯ ಹತ್ತಿರ ಉಬ್ಬಿ, ಕೆಳಗೆ ತೆಳ್ಳಗೆ ಬಾಗಿ, ಕೊನೆಗೆ ಚೆಂಡನ್ನು ಹಿಡಿದ ಹಕ್ಕಿಯ ಪಾದವಾಗುತ್ತವೆ. ಮಂಡಿಯ ಮೇಲೆ ಎಲೆಗಳ ಕೆತ್ತನೆ. ಕಾಲುಗಳ ನಡುವೆ ಅಡ್ಡಕೋಲು ಇಲ್ಲ.

ಅಡ್ಡಕೋಲು ಇಲ್ಲದ್ದು ನೋಡಿ ನನಗೂ ಮೊದಲು ಫಿಲಡೆಲ್ಫಿಯಾ ಎಂದೇ ಅನಿಸಿತು. ಆ ಕಾಲದಲ್ಲಿ ಫಿಲಡೆಲ್ಫಿಯಾ ಮತ್ತು ನ್ಯೂಯಾರ್ಕಿನವರು ಇಂಥ ಬಾಗಿದ ಕಾಲಿನ ಕುರ್ಚಿಗಳಿಗೆ ಸಾಮಾನ್ಯವಾಗಿ ಅಡ್ಡಕೋಲು ಹಾಕುತ್ತಿರಲಿಲ್ಲ. ಉತ್ತರದ ಬಾಸ್ಟನ್ ಕಡೆಯವರು ಅದನ್ನು ಸುಲಭಕ್ಕೆ ಬಿಡಲಿಲ್ಲ. ಕಾಲು ಬಾಗಿದರೂ ಕೆಳಗೆ ಕೋಲು ಇರಲೇಬೇಕು ಎಂಬ ಹಳೇ ಅಭ್ಯಾಸ ಅವರದು.

ಬೆನ್ನಿನ ಜಾಲಿಯಿಂದ ಊರು ಗೊತ್ತಾಗುವುದಿಲ್ಲ. ಲಂಡನ್ನಿನ ಥಾಮಸ್ ಚಿಪ್ಪೆಂಡೇಲ್ 1754ರಲ್ಲಿ ತನ್ನ ನಮೂನೆ ಪುಸ್ತಕ ಅಚ್ಚು ಹಾಕಿಸಿದ. 1762ರಲ್ಲಿ ಅದು ಇನ್ನೂ ದೊಡ್ಡದಾಗಿ ಬಂತು. 1765ರಲ್ಲಿ ರಾಬರ್ಟ್ ಮ್ಯಾನ್ವೇರಿಂಗ್ ಎಂಬವನ ಪುಸ್ತಕ ಬಂತು. ಇವೆಲ್ಲ ಹಡಗು ಹತ್ತಿ ಅಟ್ಲಾಂಟಿಕ್ ದಾಟಿದವು. ಒಂದೇ ಚಿತ್ರ ನೋಡಿಕೊಂಡು ಡಬ್ಲಿನ್‌ನಲ್ಲೂ ಬಾಸ್ಟನ್‌ನಲ್ಲೂ ಕೆತ್ತಿದ್ದಾರೆ. ಹಾಗಾಗಿ ಬೆನ್ನು ನೋಡಿ ಇಂಥ ಊರು ಎಂದು ತೀರ್ಪು ಕೊಡುವವರನ್ನು ನಾನು ನಂಬುವುದಿಲ್ಲ.

ಮರದಿಂದಲೂ ಗೊತ್ತಾಗುವುದಿಲ್ಲ. ಬೀಟೆಯ ಹಳೇ ಕುರ್ಚಿ ಕಂಡರೆ ನಮ್ಮ ಕಡೆ ಪಶ್ಚಿಮ ಘಟ್ಟದ ಮರ ಎಂದಾದರೂ ಹೇಳಬಹುದು. ಮಹಾಗನಿ ಹಾಗಲ್ಲ. ಅದು ಲಂಡನ್ನಿನಲ್ಲೂ ಬೆಳೆಯುವುದಿಲ್ಲ, ಫಿಲಡೆಲ್ಫಿಯಾದಲ್ಲೂ ಬೆಳೆಯುವುದಿಲ್ಲ. ಎಲ್ಲರಿಗೂ ಬರುತ್ತಿದ್ದದ್ದು ಜಮೈಕಾ, ಕ್ಯೂಬಾ, ಹೊಂಡುರಾಸ್ ಕೊಲ್ಲಿಯ ಕಡೆಯಿಂದಲೇ. ಇಂದಿನ ಬೆಲೀಜ್‌ನ ಆ ಕಾಡುಗಳಲ್ಲಿ ಮರ ಕಡಿಯುತ್ತಿದ್ದವರು ಗುಲಾಮರಾಗಿ ತಂದ ಆಫ್ರಿಕನ್ನರು. ಪ್ರತಿ ಗುಂಪಿಗೆ ಮರ ಹುಡುಕುವವನೊಬ್ಬ ಇರುತ್ತಿದ್ದ. ಆಗಸ್ಟ್ ಹೊತ್ತಿಗೆ ಮಹಾಗನಿಯ ಎಲೆ ಹಳದಿ-ಕೆಂಪಿಗೆ ತಿರುಗುತ್ತದೆ. ಅವನು ಸುತ್ತಲಿನಲ್ಲೇ ಎತ್ತರದ ಮರ ಹತ್ತಿ, ಕಾಡಿನ ಹಸಿರಿನ ನಡುವೆ ಆ ಬಣ್ಣ ಎಲ್ಲೆಲ್ಲಿದೆ ಎಂದು ನೋಡಿ, ಇಳಿದು ಬಂದು ಗುಂಪನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದ. ಇಂಥ ಕುರ್ಚಿಯ ತಲೆಪಟ್ಟಿ ಒರೆಸುವಾಗಲೆಲ್ಲ ನನಗೆ ಮರದ ತುದಿಯಲ್ಲಿ ನಿಂತ ಆ ಮನುಷ್ಯ ನೆನಪಾಗುತ್ತಾನೆ.

ಪಾದ

ನೆಲದ ಮೇಲೆ ಹೊಟ್ಟೆ ಹಾಕಿ ಮಲಗಿ ಟಾರ್ಚ್ ಬಿಟ್ಟೆ. ಅಕ್ಕ ಚಾಪೆ ತಂದು ಹಾಸಿದರು.

ಚೆಂಡು ಹಿಡಿದ ಪಾದವನ್ನು ಎಲ್ಲ ಊರಿನವರೂ ಕೆತ್ತಿದ್ದಾರೆ. ಹಿಡಿತ ಮಾತ್ರ ಊರಿಂದ ಊರಿಗೆ ಬೇರೆ. ಫಿಲಡೆಲ್ಫಿಯಾದ ಒಳ್ಳೆ ಕೆಲಸದಲ್ಲಿ ಚೆಂಡು ಮೇಲಿಂದ ಅದುಮಿದ ಹಾಗೆ ಸ್ವಲ್ಪ ಚಪ್ಪಟೆ. ಗೆಣ್ಣುಗಳು ಎದ್ದು ಕಾಣುತ್ತವೆ, ಹಿಡಿತ ಬಿಗಿ. ನ್ಯೂಯಾರ್ಕಿನ ಪಾದ ಪೆಟ್ಟಿಗೆಯ ಹಾಗೆ ಚೌಕ. ರೋಡ್ ಐಲೆಂಡ್ ಕರಾವಳಿಯ ನ್ಯೂಪೋರ್ಟ್‌ನ ಕೆಲವು ಕುರ್ಚಿಗಳಲ್ಲಿ ಉಗುರಿಗೂ ಚೆಂಡಿಗೂ ನಡುವೆ ಕೊರೆದು ತೆಗೆದಿರುತ್ತಾರೆ, ಆಚೆಯ ಬೆಳಕು ಈಚೆಗೆ ಕಾಣುತ್ತದೆ.

ನನ್ನ ಮುಂದಿದ್ದ ಪಾದ ಈ ಮೂರರಲ್ಲಿ ಯಾವುದೂ ಅಲ್ಲ. ಪಕ್ಕದ ಎರಡು ಬೆರಳುಗಳು ಗೆಣ್ಣಿನಿಂದ ಚೂಪಾಗಿ ಹಿಂದಕ್ಕೆ ಜಗ್ಗಿಕೊಂಡಿದ್ದವು. ಎದುರು ಗಾಳಿಗೆ ಬೆರಳುಗಳು ಹಿಂದಕ್ಕೆ ಸರಿದ ಹಾಗೆ. ಪಕ್ಕದಿಂದ ನೋಡಿದರೆ ಬೆರಳು ಮತ್ತು ನೆಲ ಸೇರಿ ಒಂದು ಮುಕ್ಕೋನ. ಇದು ಮೆಸಾಚುಸೆಟ್ಸ್‌ನ ಕೈ. ಬಾಸ್ಟನ್ ಮತ್ತು ಅದರ ಸುತ್ತಲಿನ ಕರಾವಳಿ ಊರುಗಳ ಕುರ್ಚಿಗಳಲ್ಲಿ ಮತ್ತೆ ಮತ್ತೆ ಸಿಗುವ ಗುರುತು.

ಆದರೆ ಅಡ್ಡಕೋಲು ಎಲ್ಲಿ?

ಉತ್ತರ ಹಿಂದಿನ ಕಾಲುಗಳಲ್ಲಿತ್ತು. ಹಿಂದಿನ ಕಾಲಿನ ಏಣುಗಳನ್ನು ಉಳಿಯಿಂದ ಸವರಿ ಓರೆ ಮಾಡಿದ್ದರು. ಆದರೆ ಆ ಓರೆ ನೆಲದವರೆಗೆ ಬಂದಿರಲಿಲ್ಲ. ನೆಲದಿಂದ ಒಂದು ಗೇಣಿನೊಳಗೆ ಅದು ನಿಂತು, ಎರಡು ಬೆರಳಗಲದಷ್ಟು ಜಾಗ ಚೌಕವಾಗಿಯೇ ಉಳಿದಿತ್ತು. ಬಡಗಿ ಸುಮ್ಮನೆ ಹಾಗೆ ಬಿಡುವುದಿಲ್ಲ. ಅಲ್ಲಿ ಏನೋ ಬಂದು ಸೇರಬೇಕು, ಅದಕ್ಕೆ ಚಪ್ಪಟೆ ಮುಖ ಬೇಕು ಎಂದಾಗ ಮಾತ್ರ ಬಿಡುತ್ತಾನೆ. ಟಾರ್ಚನ್ನು ಅಡ್ಡ ಹಿಡಿದೆ. ಆ ಚೌಕದ ನಡುವೆ ಬೆಂಕಿಪೊಟ್ಟಣಕ್ಕಿಂತ ಸಣ್ಣ ಆಯತವೊಂದು ಕಂಡಿತು. ಮರದ ಎಳೆ ಸುತ್ತಲಿನದಕ್ಕಿಂತ ಬೇರೆ ದಿಕ್ಕಿಗೆ ಓಡುತ್ತಿತ್ತು. ತೇಪೆ! ಮುಂದಿನ ಕಾಲಿನ ಹಿಂಬದಿಯಲ್ಲೂ ಅದೇ ಎತ್ತರಕ್ಕೆ ಒಂದು ತೇಪೆ. ಹಿಂದಿನ ಎರಡು ಕಾಲುಗಳ ಒಳಮುಖದಲ್ಲಿ ರೂಪಾಯಿಯಷ್ಟು ದುಂಡನೆಯ ತೇಪೆ. ಬಣ್ಣ ಹೊಂದಿಸಿ, ಮೇಣ ತಿಕ್ಕಿ ಚೆನ್ನಾಗಿಯೇ ಮುಚ್ಚಿದ್ದರು.

ಈ ಕುರ್ಚಿಗೆ ಅಡ್ಡಕೋಲು ಇತ್ತು. ಯಾರೋ ತೆಗೆಸಿದ್ದಾರೆ.

ಬುಡ

ಮೆತ್ತೆಯ ಚೌಕಟ್ಟು ಎತ್ತಿ ತೆಗೆದು ಕುರ್ಚಿಯನ್ನು ಕಂಬಳಿಯ ಮೇಲೆ ಕವುಚಿ ಹಾಕಿದೆ. ಫಿಲಡೆಲ್ಫಿಯಾ ಕುರ್ಚಿಯಲ್ಲಿ ನಾನು ಹುಡುಕುವ ಮೊದಲ ಗುರುತು ಹಿಂದಿನ ಕಾಲಿನ ಬೆನ್ನ ಮೇಲೆ, ಕೂರುವ ಮಟ್ಟದಲ್ಲಿ ಇರುತ್ತದೆ. ಅಲ್ಲಿನವರು ಪಕ್ಕದ ಪಟ್ಟಿಯ ನಾಲಿಗೆಯನ್ನು, ಅಂದರೆ ಜೋಡಣೆಗೆಂದು ತೆಳ್ಳಗೆ ಕಡೆದ ತುದಿಯನ್ನು, ಕಾಲಿನ ಈಚೆಯಿಂದ ಆಚೆಗೆ ಪೂರ್ತಿ ದಾಟಿಸುತ್ತಿದ್ದರು. ಹಿಂದೆ ನಿಂತು ನೋಡಿದರೆ ನಾಲಿಗೆಯ ತುದಿ ಸಣ್ಣ ಆಯತವಾಗಿ ಕಾಣುತ್ತದೆ. ಇಲ್ಲಿ ಇರಲಿಲ್ಲ. ಕಾಲಿನ ಬೆನ್ನು ನುಣ್ಣಗಿತ್ತು.

ಇದೊಂದನ್ನೇ ನೆಚ್ಚುವ ಹಾಗಿಲ್ಲ. ಕನೆಕ್ಟಿಕಟ್‌ನ ಎಲಿಫಲೆಟ್ ಚೇಪಿನ್ ಎಂಬ ಕುಶಲಿ ಫಿಲಡೆಲ್ಫಿಯಾದಲ್ಲಿ ಕೆಲಸ ಮಾಡಿ ವಾಪಸ್ ಊರಿಗೆ ಹೋಗಿ, ಅದೇ ರೀತಿ ನಾಲಿಗೆ ದಾಟಿಸಿ ಚೆರ್ರಿ ಮರದಲ್ಲಿ ಕುರ್ಚಿ ಮಾಡಿದ. ಮನುಷ್ಯ ಊರು ಬದಲಿಸಿದರೆ ಕಲಿತದ್ದೂ ಜೊತೆಗೆ ಹೋಗುತ್ತದೆ.

ಮೂಲೆಗಳನ್ನು ನೋಡಿದೆ. ಕೂರುವ ಚೌಕಟ್ಟಿನ ಮೂಲೆಗೆ ಒಳಗಿನಿಂದ ಬಲ ಕೊಡಲು ಮರದ ತುಂಡು ಅಂಟಿಸುತ್ತಾರೆ. ಫಿಲಡೆಲ್ಫಿಯಾದವರ ತುಂಡು ನೇರ ನಿಂತಿರುತ್ತದೆ, ಮೇಲಿಂದ ನೋಡಿದರೆ ವೃತ್ತದ ನಾಲ್ಕನೇ ಒಂದು ಭಾಗದ ಆಕಾರ. ಇಂಗ್ಲೆಂಡಿನ ಕುರ್ಚಿಗಳಲ್ಲಿ ಎಷ್ಟೋ ಸಲ ತುಂಡಿನ ಬದಲು ಒಂದು ಓರೆಪಟ್ಟಿ, ಎರಡೂ ಬದಿಗೆ ಕಚ್ಚು ಮಾಡಿ ಕೂರಿಸಿದ್ದು. ಇಲ್ಲಿದ್ದದ್ದು ಮಲಗಿಸಿದ ಮುಕ್ಕೋನದ ತುಂಡುಗಳು. ಮೆಸಾಚುಸೆಟ್ಸ್‌ನವರ ಅಭ್ಯಾಸ ಇದೇ. ನಾಲ್ಕರಲ್ಲಿ ಮೂರು ಮೊದಲಿನವೇ ಇದ್ದವು. ಸುತ್ತಲಿನ ಮರದ ಜೊತೆಗೇ ಕಪ್ಪಾಗಿದ್ದವು, ಅಂಟು ಒಣಗಿ ಬೆಲ್ಲದ ಚೂರಿನ ಹಾಗೆ ಒಡೆದಿತ್ತು.

ತುಂಡು ಯಾವ ಮರದ್ದು ಅನ್ನೋದು ಮುಖ್ಯ. ಮಹಾಗನಿ ದುಬಾರಿ, ಹೊರಗೆ ಕಾಣುವ ಕಡೆಗೆ ಮಾತ್ರ. ಒಳಗಿನ ತುಂಡಿಗೆ ಬಡಗಿ ತನ್ನ ಊರಿನಲ್ಲಿ ಅಗ್ಗಕ್ಕೆ ಸಿಗುವ ಮರ ಹಾಕುತ್ತಾನೆ. ಫಿಲಡೆಲ್ಫಿಯಾದಲ್ಲಿ ಹಳದಿ ಪೈನ್, ಟ್ಯುಲಿಪ್ ಪಾಪ್ಲರ್, ಬಿಳಿ ಸೀಡರ್. ಇಂಗ್ಲೆಂಡಿನಲ್ಲಿ ಹೆಚ್ಚಾಗಿ ಬೀಚ್. ಬಾಸ್ಟನ್ ಕಡೆ ಮೇಪಲ್ ಮತ್ತು ಬಿಳಿ ಪೈನ್. ಒಂದು ತುಂಡಿನ ಕೊಯ್ದ ತುದಿಯನ್ನು ಹೊಸ ಬ್ಲೇಡಿನಿಂದ ಅಕ್ಕಿಕಾಳಿನಗಲ ಸವರಿ, ಹತ್ತು ಪಟ್ಟು ದೊಡ್ಡದು ಮಾಡುವ ಮಸೂರದಲ್ಲಿ ನೋಡಿದೆ. ರಾಳದ ನಾಳಗಳು ಚುಕ್ಕಿಗಳಾಗಿ ಕಂಡವು. ವರ್ಷದ ಉಂಗುರದಲ್ಲಿ ತಿಳಿ ಬಣ್ಣ ನಿಧಾನವಾಗಿ ಗಾಢವಾಗುತ್ತಿತ್ತು. ಹಳದಿ ಪೈನ್ ಆಗಿದ್ದರೆ ಗೆರೆ ಎಳೆದ ಹಾಗೆ ತಟ್ಟನೆ ಬದಲಾಗಬೇಕಿತ್ತು. ಇದು ಬಿಳಿ ಪೈನ್.

ಇಷ್ಟಕ್ಕೆ ನನಗೆ ಒಂದು ಕುರ್ಚಿಯ ಊರು ಬಹುಪಾಲು ಗೊತ್ತಾಗಿತ್ತು.

ಎರಡನೆಯದು

ಜೋಡಿ ಅಲ್ವಾ, ಒಂದರ ಊರೇ ಇನ್ನೊಂದರ ಊರು ಎಂದು ಅಲ್ಲಿಗೇ ನಿಲ್ಲಿಸಬಹುದಿತ್ತು. ಅಕ್ಕ ಅಷ್ಟರಲ್ಲಿ ಕಾಫಿ ತಂದಿದ್ದರು. ಲೋಟ ಕೆಳಗಿಟ್ಟು ಎರಡನೆಯದನ್ನು ಎತ್ತಿದೆ. ಎತ್ತಿದ ಕೂಡಲೇ ಕೈಗೆ ವ್ಯತ್ಯಾಸ ತಿಳಿಯಿತು. ಹಿಂದಿನ ಕಾಲಿನ ಜೋಡಣೆ ಸಡಿಲವಾಗಿ ಕುಂಯ್ ಎಂದಿತು.

ಸಡಿಲವಾದದ್ದು ಒಳ್ಳೆಯದೇ ಆಯಿತು. ಪಟ್ಟಿಯನ್ನು ಸ್ವಲ್ಪ ಜಗ್ಗಿದಾಗ ಒಳಗೆ ಮರದ ನಾಲಿಗೆ ಇರಲಿಲ್ಲ. ಎರಡು ದುಂಡನೆಯ ಗೂಟಗಳಿದ್ದವು. ಯಂತ್ರದಲ್ಲಿ ತೂತು ಕೊರೆದು ಗೂಟ ಹೊಡೆದು ಸೇರಿಸುವುದು ಹತ್ತೊಂಬತ್ತನೇ ಶತಮಾನದ ಕಾರ್ಖಾನೆ ಕೆಲಸ. ಮೂಲೆತುಂಡುಗಳಿಗೆ ಸ್ಕ್ರೂ ಹಾಕಿದ್ದರು. ಒಂದನ್ನು ಬಿಚ್ಚಿ ನೋಡಿದೆ. ತುದಿ ಚೂಪು. 1840ರ ದಶಕದ ನಡುಭಾಗಕ್ಕಿಂತ ಮೊದಲಿನ ಸ್ಕ್ರೂಗಳ ತುದಿ ಮೊಂಡು. ಪಟ್ಟಿಯ ಒಳಮುಖದಲ್ಲಿ ಬಳೆಯ ಚೂರಿನ ಹಾಗೆ ಬಾಗಿದ ಗೆರೆಗಳು, ಅಂದರೆ ಚಕ್ರಗರಗಸ ಓಡಿದ ಗುರುತು. ಮೊದಲ ಕುರ್ಚಿಯ ಅದೇ ಜಾಗದಲ್ಲಿ ಕೈಗರಗಸದ ನೇರ ಗೆರೆಗಳು, ಅಲ್ಲಲ್ಲಿ ತೋಪಡ ಹೊಡೆದ ಅಲೆ.

ಆಮೇಲೆ ಮಂಡಿಯ ಎಲೆ ಕೆತ್ತನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಹಳೆಯದರಲ್ಲಿ ಎಡಮಂಡಿಯ ಎಲೆ ಬಲದ್ದಕ್ಕಿಂತ ಒಂದು ನೂಲು ಉದ್ದ. ನಾಳದ ಮೇಲೆ ಉಳಿ ಜಾರಿದಲ್ಲಿ ಜಾರಿದ ಹಾಗೇ ಇದೆ. ಹಿನ್ನೆಲೆಯಲ್ಲಿ ಮೊಳೆಯಿಂದ ಕುಟ್ಟಿದಂಥ ಸಣ್ಣ ಚುಕ್ಕಿಗಳು, ಒಂದೊಂದು ಒಂದೊಂದು ಆಳ. ಹೊಸದರಲ್ಲಿ ಎರಡೂ ಎಲೆ ಒಂದೇ ಅಳತೆ, ಉಜ್ಜುಕಾಗದ ಹಾಕಿ ನುಣುಪು ಮಾಡಿದ್ದು. ಬೆರಳ ತುದಿಯಿಂದ ಸವರಿದರೆ ಕಣ್ಣು ಮುಚ್ಚಿಯೂ ಹೇಳಬಹುದು. ಅಕ್ಕನಿಗೂ ಸವರಿ ನೋಡಿ ಎಂದೆ. "ಇದು ಕೈರೊಟ್ಟಿ, ಅದು ಅಂಗಡಿ ರೊಟ್ಟಿ" ಎಂದರು. ಅಷ್ಟು ಸರಿಯಾಗಿ ನಾನು ಹೇಳಲಾರೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಹೊಸ ಕುರ್ಚಿಯ ಹಿಂದಿನ ಕಾಲಿನಲ್ಲೂ ಓರೆ ಅದೇ ಎತ್ತರಕ್ಕೆ ನಿಂತು ಚೌಕ ಜಾಗ ಉಳಿದಿತ್ತು. ಅಲ್ಲಿ ತೇಪೆ ಇಲ್ಲ. ತೂತೇ ಕೊರೆದಿಲ್ಲ. ಅಡ್ಡಕೋಲು ಬಾರದ ಕಾಲಿಗೆ ಅಡ್ಡಕೋಲಿನ ಜಾಗ! ಮಾಡಿದವನು ಎದುರಿಗಿದ್ದ ಹಳೆ ಕುರ್ಚಿಯನ್ನು ಕಂಡ ಹಾಗೇ ನಕಲು ಮಾಡಿದ್ದಾನೆ. ಆ ಹೊತ್ತಿಗೆ ಹಳೆಯದರ ಕೋಲು ಹೋಗಿ ತೇಪೆ ಬಿದ್ದಾಗಿತ್ತು. ಚೌಕ ಯಾಕೆ ಇದೆ ಎಂದು ಅವನಿಗೆ ಹೇಳುವವರು ಯಾರೂ ಇರಲಿಲ್ಲ. ಕೋಲು ಕಿತ್ತದ್ದು ಮೊದಲು, ನಕಲು ಮಾಡಿದ್ದು ನಂತರ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

1876ರಲ್ಲಿ ಅಮೆರಿಕ ತನ್ನ ನೂರನೇ ವರ್ಷದ ದೊಡ್ಡ ವಸ್ತುಪ್ರದರ್ಶನ ನಡೆಸಿದ್ದು ಫಿಲಡೆಲ್ಫಿಯಾದಲ್ಲೇ. ಆಸುಪಾಸಿನ ವರ್ಷಗಳಲ್ಲಿ ಅಜ್ಜ-ಮುತ್ತಜ್ಜರ ಕಾಲದ ಸಾಮಾನಿನ ಮೇಲೆ ಜನರಿಗೆ ಪ್ರೀತಿ ಉಕ್ಕಿತು. ಹಳೆ ಕುರ್ಚಿಗೆ ಜೊತೆ ಮಾಡಿಸುವುದು ಆಗ ಸಾಮಾನ್ಯ. ಎರಡನೇ ಕುರ್ಚಿ ಆ ಅಲೆಯದ್ದು ಎಂಬುದು ನನ್ನ ಅಂದಾಜು. ಮೋಸಕ್ಕೆ ಮಾಡಿದ್ದು ಎಂದು ನನಗೆ ಅನಿಸುವುದಿಲ್ಲ. ಮೋಸಗಾರ ಚೂಪು ಸ್ಕ್ರೂ ಹಾಕಿ ಬಿಡುತ್ತಿರಲಿಲ್ಲ.

ಒಂದು ಗೊಂದಲ ಇನ್ನೂ ಉಳಿದಿತ್ತು. ಹಳೆ ಕುರ್ಚಿಯ ಮುಂದಿನ ಪಟ್ಟಿಯ ಒಳಗೆ ಉಳಿಯಿಂದ ಹೊಡೆದ ನಾಲ್ಕು ಗೆರೆಗಳಿದ್ದವು. ಅಂದರೆ ಗುಂಪಿನಲ್ಲಿ ಇದು ನಾಲ್ಕನೆಯದು. ಪ್ರತಿ ಮೆತ್ತೆಯ ಚೌಕಟ್ಟು ಆಯಾ ಕುರ್ಚಿಗೇ ಕೂರುವಂತೆ ಮಾಡಿರುತ್ತಾರೆ, ಅದಲುಬದಲಾಗದಿರಲಿ ಎಂದು ಎರಡಕ್ಕೂ ಒಂದೇ ಗುರುತು. ಅದರ ಮೇಲೆ ಕೂತಿದ್ದ ಚೌಕಟ್ಟಿನಲ್ಲಿ ಗುರುತೇ ಇರಲಿಲ್ಲ. ಬರ್ಚ್ ಮರ, ಚಕ್ರಗರಗಸದ ಗೆರೆ. ನಾಲ್ಕು ಗೆರೆಯ ಚೌಕಟ್ಟು ಹೊಸ ಕುರ್ಚಿಯಲ್ಲಿತ್ತು, ಹಳೇ ಮೇಪಲ್. ಯಾವಾಗಲೋ ಬಟ್ಟೆ ಬದಲಿಸುವಾಗ ಅದಲುಬದಲು ಮಾಡಿಬಿಟ್ಟಿದ್ದಾರೆ. ಮೆತ್ತೆ ಮಾತ್ರ ನೋಡಿ ತೀರ್ಮಾನ ಮಾಡಿದ್ದರೆ ಹಳೆಯದು ಹೊಸದಾಗಿ, ಹೊಸದು ಹಳೆಯದಾಗುತ್ತಿತ್ತು. ಎರಡು ಚೌಕಟ್ಟುಗಳನ್ನೂ ಮತ್ತೆ ಅದಲುಬದಲು ಮಾಡಿ ಹಾಕಿದೆ. ನಾಲ್ಕು ಗೆರೆಯ ಚೌಕಟ್ಟು ತನ್ನ ಜಾಗಕ್ಕೆ ಡಬ್ಬಿಗೆ ಮುಚ್ಚಳ ಕೂತ ಹಾಗೆ ಕೂತಿತು.

ಹಾಗಾದರೆ ಅಜ್ಜಿಯ ಮಾತು?

ಅಜ್ಜಿ ಸುಳ್ಳು ಹೇಳಿದರು ಎಂದಲ್ಲ. ಕುರ್ಚಿ ಹುಟ್ಟಿದ ಊರು ಬೇರೆ, ಬಾಳಿದ ಊರು ಬೇರೆ. ಬಾಸ್ಟನ್‌ನವರು ಕುರ್ಚಿಗಳನ್ನು ಹಡಗಿಗೆ ತುಂಬಿ ಕರಾವಳಿಯುದ್ದಕ್ಕೂ ಮಾರುತ್ತಿದ್ದರು. ಫಿಲಡೆಲ್ಫಿಯಾದ ಪ್ಲಂಕೆಟ್ ಫ್ಲೀಸನ್ ಎಂಬ ಮೆತ್ತೆ ಕೆಲಸದವನು 1742ರಲ್ಲೇ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿದ್ದ. ಊರಿನಲ್ಲಿ ಮಾಡಿದ್ದಕ್ಕಿಂತಲೂ ಬಾಸ್ಟನ್‌ನಿಂದ ತರಿಸಿದ್ದಕ್ಕಿಂತಲೂ ತನ್ನ ಕುರ್ಚಿ ಅಗ್ಗ ಎಂದು. ಬಾಸ್ಟನ್ ಕುರ್ಚಿಗಳ ಪೈಪೋಟಿ ಅಷ್ಟಿತ್ತು. ನಮ್ಮ ಕುರ್ಚಿ ಅದಕ್ಕಿಂತ ಎರಡರಿಂದ ನಾಲ್ಕು ದಶಕ ಈಚಿನದು. ವ್ಯಾಪಾರದಲ್ಲಿ ಬಂದಿರಬಹುದು, ಮದುವೆಯಾಗಿ ಬಂದವಳ ಜೊತೆಯೂ ಬಂದಿರಬಹುದು. ಅಜ್ಜಿಯ ಅಜ್ಜಿಯ ಮನೆ ಫಿಲಡೆಲ್ಫಿಯಾದಲ್ಲಿತ್ತು ಎಂಬುದನ್ನು ಕುರ್ಚಿ ಅಲ್ಲಗಳೆಯುವುದಿಲ್ಲ.

ನಾನು ಎರಡು ಚೀಟಿ ಬರೆದೆ. ಮೊದಲನೆಯದು: "ಪೂರ್ವ ಮೆಸಾಚುಸೆಟ್ಸ್, ಬಹುಶಃ ಬಾಸ್ಟನ್. ಸುಮಾರು 1760ರಿಂದ 1785. ಅಡ್ಡಕೋಲುಗಳನ್ನು ಹತ್ತೊಂಬತ್ತನೇ ಶತಮಾನದಲ್ಲಿ ತೆಗೆಯಲಾಗಿದೆ." ಬಾಸ್ಟನ್ ಎಂದಷ್ಟೇ ಬರೆದು ಮುಗಿಸಲು ಆಸೆಯಾಯಿತು, ಆದರೆ ಬಾಸ್ಟನ್ ಹತ್ತಿರದ ಸೇಲಂ ಎಂಬ ಊರಿನ ಕಡೆಯ ಕೆಲಸವನ್ನು ಅದರಿಂದ ಬೇರೆ ಮಾಡುವಷ್ಟು ಸಾಕ್ಷಿ ನನ್ನ ಕೈಯಲ್ಲಿರಲಿಲ್ಲ. ಕ್ರಾಂತಿಗೆ ಮೊದಲೋ ನಂತರವೋ ಎಂದೂ ಬರೆಯಲಿಲ್ಲ. ಎರಡನೆಯದು: "ಮೊದಲನೆಯದಕ್ಕೆ ಜೊತೆಯಾಗಿ ಮಾಡಿಸಿದ್ದು. ಅಮೆರಿಕ, ಬಹುಶಃ 1870ರ ನಂತರ." ಎರಡನ್ನೂ ಆಯಾ ಕುರ್ಚಿಯ ಬುಡಕ್ಕೆ ದಾರದಿಂದ ಕಟ್ಟಿದೆ. ಪಿನ್ನು ಹೊಡೆಯಲಿಲ್ಲ.

ಅಕ್ಕ ಅದೇ ಸಂಜೆ ಮೊಮ್ಮಗಳಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಹಳೆಯದು ತನಗೆ ಬೇಕು, ಆದರೆ ಈಗ ಇರುವ ಬಾಡಿಗೆ ಕೋಣೆಯಲ್ಲಿ ಜಾಗ ಇಲ್ಲ, ಮನೆ ಮಾಡುವವರೆಗೆ ನಿಮ್ಮಲ್ಲೇ ಇರಲಿ ಎಂದಳಂತೆ. ಎರಡನ್ನೂ ಬೇರೆ ಮಾಡಬಾರದು ಎಂದು ನಾನು ಹೇಳಿಕಳಿಸಿದೆ. ಹಳೆಯದರ ಕೋಲು ಯಾವಾಗ ಹೋಯಿತು ಎಂದು ಹೇಳುವುದು ಹೊಸದು ಮಾತ್ರ.

ಹೊಸ ಕುರ್ಚಿಯ ಸಡಿಲವಾದ ಜೋಡಣೆಗೆ ಮರವಜ್ರ ಕಾಯಿಸಿ ಹಾಕಿ ಒಂದು ರಾತ್ರಿ ಬಿಗಿದಿಟ್ಟೆ. ಹಳೆಯದಕ್ಕೆ ಹೊಸ ಅಡ್ಡಕೋಲು ಕಡೆದು ಕೊಡಲೇ ಎಂದು ಅಕ್ಕ ಕೇಳದೆಯೇ ನಾನು ಯೋಚಿಸಿದ್ದೆ. ಮೊದಲಿನ ಕೋಲುಗಳ ಆಕಾರ ಯಾರಿಗೂ ಗೊತ್ತಿಲ್ಲ. ಹಾಕಬೇಕಾದರೆ ತೇಪೆಗಳನ್ನು ಕೀಳಬೇಕು. ತೇಪೆಗಳಿಗೆ ಒಂದಿಷ್ಟು ಮೇಣ ತಿಕ್ಕಿ ಹಾಗೇ ಬಿಟ್ಟೆ.